ವೇನ್ಲಿ ಅಂದರೆ

ಅಟ್ಟದ ಮೇಲಿನ ಕಾಯಿಗಳು ಮತ್ತೆ ಲೊಡಲೊಡ ಅಂದವು, ಒಣಗಿದ ಕಾಯಿ ಮಾತ್ರ ಹಾಗನ್ನುತ್ತದೆ, ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟದ್ದು, ಹಸಿ ಕಾಯಿ ಮೂಕ — ಕೆಳಗೆ ಕೋಣೆಯಲ್ಲಿ ಅಣ್ಣ ಕೆಂಚಪ್ಪ ತೆಂಗಿನ ಮಟ್ಟೆ ಎತ್ತಿ ಇಳಿಸಿದಾಗಲೆಲ್ಲ ಗೋಡೆ ಅದುರಿ, ಅಟ್ಟ ಅದುರಿ, ಲೊಡಲೊಡ, ಆಮೇಲೆ ಅತ್ತಿಗೆ ತಿಮ್ಮಕ್ಕನ ಉಸಿರು, ಉಸಿರು ಮಾತ್ರ, ಅವಳು ಕೂಗುವುದನ್ನು ಬಿಟ್ಟು ಬಹಳ ಹೊತ್ತಾಯಿತು. ಅಂಕಮ್ಮ ಮುಚ್ಚಿದ ಬಾಗಿಲ ಮುಂದೆ ರಾಗಿಯ ಮೊರ ಹಿಡಿದು ನಿಂತಿದ್ದಾಳೆ. ಮಳೆ ಬಂದೀತೆಂಬ ಅವಸರದಲ್ಲಿ ಅತ್ತಿಗೆ ಹೋದ ವರ್ಷದ ಕಾಯಿಯ ಮೇಲೆ ಈ ಸಲದ ಹಸಿ ಕಾಯಿ ಸುರಿದುಬಿಟ್ಟಿದ್ದಳು, ಹಸಿಯ ಕೊಳೆ ಒಣಗಿದ್ದಕ್ಕೂ ಹತ್ತಿತು, ಇವತ್ತು ಅಣ್ಣ ಒಡೆದದ್ದೆಲ್ಲ ಒಳಗೆ ಕಪ್ಪು, ವರ್ಷ ಕಾದಿದ್ದು ಮಣ್ಣುಪಾಲಾಯ್ತಲ್ಲೇ, ನಿನ್ ಕೈ ಸೇದೋಗ, ತುರುಬು ಹಿಡಿದು ಎಳೆದೊಯ್ದು ಅಗುಳಿ ಹಾಕಿಕೊಂಡ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ, ಗಂಡ ಹೆಂಡ್ರ ಮಧ್ಯೆ ನಿಂಗೇನೈತೆ, ಬಾರೇ ಈಚೆಗೆ, ನಾನೇನು ತಿಂದಿಲ್ವಾ ನಿಮ್ಮಪ್ಪನ ಕೈಲಿ. ವೇನ್ಲಿ — ಯಾಕೆ ಈ ಪದ ಈಗ, ಸೋದರತ್ತೆಯ ಮನೆಯಲ್ಲಿದ್ದು ಓದಿದ ಅರಸೀಕೆರೆಯ ಸ್ಕೂಲು, ಇಂಗ್ಲಿಷ್ ಪಾಠದ ಏಕಾಂತಯ್ಯ ಮೇಷ್ಟ್ರ ನಶ್ಯದ ಬೆರಳು, ವೇನ್ಲಿ ಅಂದ್ರೆ ವ್ಯರ್ಥವಾಗಿ, ಬರ್ಕೊಳ್ಳಿ, ಮುಳುಗೋನು ವೇನ್ಲಿ ಕೂಗಿದ, ಇಲಿ ಬೋನನ್ನ ವೇನ್ಲಿ ಕಡೀತು, ಏನಮ್ಮ ಅಂಕಮ್ಮ, ನೀನೊಂದು ವಾಕ್ಯ ಹೇಳು. ಎದ್ದು ನಿಂತಳು, ಲಂಗದ ಅಂಚು ತಿರುಚಿದಳು, ಹೇಳಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ, ಬಾಯಲ್ಲಿ ಕಡುಬು ಇಟ್ಕೊಂಡವ್ಳೆ ಸಾರ್. ಮೇಷ್ಟ್ರು ನಗಲಿಲ್ಲ, ಕೂತ್ಕೊಳಮ್ಮ, ಒಂದು ತಿಳ್ಕೊ, ಕೈ ಕಟ್ಟಿ ಕೂತೋರಿಗೆ ಈ ಪದ ಸಲ್ಲಲ್ಲ, ಮಾಡಿ ಸೋತೋರಿಗೆ ಮಾತ್ರ. ಮೈನೆರೆದಳೆಂದು ಆ ವರ್ಷವೇ ಸ್ಕೂಲು ಬಿಡಿಸಿದರು, ವಾಕ್ಯ ಬಾಯೊಳಗೇ ಉಳಿಯಿತು. ಅತ್ತಿಗೆ ವೇನ್ಲಿ ಕೂಗಿದಳು, ಸರಿ. ಅತ್ತಿಗೆ ವೇನ್ಲಿ ಕಾಲು ಹಿಡಿದಳು, ಇದೂ ಸರಿ. ಅಂಕಮ್ಮ ವೇನ್ಲಿ, ಅಂಕಮ್ಮ ವೇನ್ಲಿ ಏನು, ಮೊರ ಹಿಡಿದಳು — ಇಲ್ಲ, ಸಲ್ಲಲ್ಲ.

ಮೊರ ಬಿತ್ತು, ಒನಕೆ ಕೈಗೆ ಬಂದಿತ್ತು, ಕಬ್ಬಿಣ ಕಟ್ಟಿದ ತುದಿಯಿಂದ ಬಾಗಿಲಿಗೆ ಕುಟ್ಟಿದಳು, ಅಣ್ಣಾ ಬುಡು ಅವ್ಳನ್ನ, ಸತ್ತೋಯ್ತಾಳೆ, ಅವ್ವ ಹಿಂದಿನಿಂದ ಜಡೆ ಎಳೆದಳು, ಬೀಸಿದ ಮೊಣಕೈ ಅವ್ವನ ಹಲ್ಲಿಗೆ ತಗುಲಿತು, ತಗುಲಲಿ, ಕುಟ್ಟಿದಳು, ಅಂಗೈ ಬಿರಿಯಿತು, ನೆತ್ತರಿಗೆ ಒನಕೆ ಜಾರುತ್ತದೆ, ಸೆರಗು ಸುತ್ತಿ ಕುಟ್ಟಿದಳು, ಹಲಗೆ ಸೀಳಿತು, ಕೈ ತೂರುವಷ್ಟು, ಒಳಗೆ ಅಗುಳಿ ಕಂಡಿತು, ಅಗುಳಿಯ ಮೇಲೆ ಒಂದು ಕೈ. ಅಣ್ಣನದಲ್ಲ. ಮಣಿಕಟ್ಟಿನಲ್ಲಿ ಬಳೆಯ ಚೂರು ನೆಟ್ಟಿದೆ, ಅಣ್ಣ ಆಚೆ ಏದುಸಿರು ಬಿಡುತ್ತ ಮಟ್ಟೆ ಎತ್ತಿದ್ದಾನೆ, ಅತ್ತಿಗೆ ಬಾಗಿಲಿಗೆ ಬೆನ್ನು ಕೊಟ್ಟು — ಅಗುಳಿ ಎತ್ತು ಅತ್ಗೆ, ಈಚೆ ಬಾ — ಕೈ ಎತ್ತಲಿಲ್ಲ, ಒತ್ತಿತು. ಬರಬ್ಯಾಡ ಕಣವ್ವ, ನಿನ್ನೂ ಕೊಂದ್ಬುಡ್ತಾನೆ, ನನ್ ಮೈ ಮರಗಟ್ಟೋಗೈತೆ, ನೀನು ಎಳೇದು. ಮಟ್ಟೆ ಬೆರಳುಗಳ ಮೇಲೇ ಇಳಿಯಿತು, ಕಿರುಬೆರಳು ಅಡ್ಡ ತಿರುಗಿ ನಿಂತಿತು, ಉಳಿದವು ಬಿಡಲಿಲ್ಲ, ಅಂಕಮ್ಮ ಸೀಳಿನೊಳಗೆ ಕೈ ತೂರಿಸಿ ಒಂದೊಂದೇ ಬೆರಳು ಬಿಡಿಸುತ್ತಾಳೆ, ಬಿಡಿಸಿದ್ದು ಮತ್ತೆ ಮುಚ್ಚುತ್ತದೆ, ಮತ್ತೆ ಮಟ್ಟೆ, ಈಗ ಇಬ್ಬರ ಕೈಯ ಮೇಲೂ, ಯಾರ ನೆತ್ತರೋ, ಬಿಡು ಅತ್ಗೆ, ಮುಚ್ಚಿದ ಬೆರಳು, ಅಗುಳಿ, ಅಗುಳಿಯ ಮೇಲೆ ಕೈ, ಕೈ —