ತುಕ್ಕು ಬ್ಯಾಂಡಿನ ಹೊಸ ದನಿ

ಹಾಡುತ್ತ ಹಾಡುತ್ತ ರೋಗ, ಉಗುಳುತ್ತ ಉಗುಳುತ್ತ ರಾಗ. ಹಿರಿಯರು ಇದನ್ನು ತಿರುವುಮುರುವಾಗಿ ಹೇಳಿಟ್ಟು ಹೋಗಿದ್ದಾರೆ. ಸರಿಯಾದ ಗಾದೆ ಇದೇ ಎನ್ನುವುದಕ್ಕೆ ಕಾರ್ ಶೆಡ್ಡಿನ ಒಬ್ಬ ಪೇಂಟರನ ಗಂಟಲು ಸಾಕ್ಷಿ. ಕಥೆ ನಿಜವಾದದ್ದು. ಇದಕ್ಕೆ ಬಣ್ಣ ಹಚ್ಚಿಲ್ಲ, ಹಚ್ಚುವ ಕೆಲಸ ಅವನದು.

ಆ ಶೆಡ್ಡಿನಲ್ಲಿ ಗುದ್ದಿಸಿಕೊಂಡು ಬಂದ ಕಾರುಗಳ ಸೊಟ್ಟ ತಗಡನ್ನು ಟಿಂಕರ್ ಬಡಿದು ನೆಟ್ಟಗೆ ಮಾಡುತ್ತಿದ್ದ, ವೈರನ್ನು ಎಲೆಕ್ಟ್ರಿಷಿಯನ್ ನೋಡುತ್ತಿದ್ದ, ಕೊನೆಗೆ ಪೇಂಟರ್ ಬಣ್ಣ ಹೊಡೆಯುತ್ತಿದ್ದ. ಮೂವರೂ ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿ ಅದಕ್ಕೆ 'ತುಕ್ಕು' ಎಂದು ಹೆಸರಿಟ್ಟಿದ್ದರು. ಗ್ಯಾರೇಜ್ ರಾಕ್ ಎಂದು ಹೇಳಿಕೊಳ್ಳುವವರು ಬಹಳ ಮಂದಿ. ಇವರದು ಗ್ರೀಸ್ ಸಮೇತ ಗ್ಯಾರೇಜು. ಊಟದ ಹೊತ್ತಿಗೆ ಕಂಪ್ರೆಸರ್ ಬಾಯಿ ಮುಚ್ಚಿದರೆ ಪೇಂಟರ್ ಬಾಯಿ ತೆರೆಯುತ್ತಿದ್ದ. ಅದು ಹಾಡುವುದಲ್ಲ, ಮರಳು ಕಾಗದದಲ್ಲಿ ತಗಡು ಉಜ್ಜಿದ ಹಾಗೆ ಒಂದು ಅಬ್ಬರ. ಟಿಂಕರನಿಗೆ ಡ್ರಮ್ಮು: ಹಗಲೆಲ್ಲ ಹೊಟ್ಟೆಗಾಗಿ ಬಡಿತ, ಊಟದ ಹೊತ್ತಿನಲ್ಲಿ ಹೊಟ್ಟೆ ಬಿಟ್ಟು ಬಡಿತ.

ಟಿಂಕರನನ್ನು ಎಲ್ಲರೂ ಕರೆಯುತ್ತಿದ್ದುದು ಗಿಳಿ ಎಂದು. ಯಾರ ದನಿಯಾದರೂ ಸರಿ, ಒಮ್ಮೆ ಕಿವಿಗೆ ಬಿದ್ದರೆ ಅವನ ಗಂಟಲಲ್ಲಿ ಮೊಟ್ಟೆಯಿಡುತ್ತಿತ್ತು. ಯಜಮಾನರ ತೊದಲು, ಗಿರಾಕಿಗಳ ಜಂಬ, ಎಲೆಕ್ಟ್ರಿಷಿಯನ್ನನ ಗೂರಲು ಕೆಮ್ಮು, ಯಾವುದನ್ನೂ ಬಿಟ್ಟವನಲ್ಲ. ಯಾರಿಗೆ ಏನು ಊನವಾದರೂ ಸಂಜೆಯೊಳಗೆ ಶೆಡ್ಡಿಗೆಲ್ಲ ಅದರ ಪ್ರದರ್ಶನ.

ಆದ್ದರಿಂದಲೇ, ಗಂಟಲಲ್ಲಿ ಗಂಟುಗಳೆದ್ದಿವೆ, ಇನ್ನೊಮ್ಮೆ ಕಿರುಚಿದರೆ ಇರುವ ದನಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಪೇಂಟರ್ ತನ್ನ ಅಕ್ಕನಿಗೆ ಬಿಟ್ಟು ಬೇರಾರಿಗೂ ಹೇಳಲಿಲ್ಲ. ಗೆಳೆಯರಿಗೆ ಹೇಳಿದ್ದು ಇಷ್ಟೇ: ಅಬ್ಬರ ಹಳೆಯದಾಯಿತು, ಇನ್ನು ಮೆಲ್ಲಗೆ ಹಾಡೋಣ, ಇದು ನಮ್ಮ ಹೊಸ ಸೌಂಡು. ಗಿಳಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ತುಕ್ಕು ಎಂದು ಹೆಸರಿಟ್ಟುಕೊಂಡು ಪಾಲಿಶ್ ಹೊಡೆಯುವುದೇ ಎಂದು ಗೊಣಗಿದ. ಆದರೂ ಪಿಸುಮಾತಿನಂಥ ನಾಲ್ಕು ಹಾಡು ಶೆಡ್ಡಿನಲ್ಲೇ ರೆಕಾರ್ಡಾದವು.

ಕೇಳುಗರನ್ನು ಹಿಡಿಯಲು ಇವರದೇ ಒಂದು ಉಪಾಯವಿತ್ತು. ರಿಪೇರಿಯಾಗಿ ಹೊರಡುವ ಪ್ರತಿ ಕಾರಿನ ಗೇರಿನ ಪಕ್ಕ ಒಂದು ಪೆನ್ ಡ್ರೈವ್ ಇಡುವುದು, ಅದಕ್ಕೆ 'ಕೇಳಿ, ಅನಿಸಿದ್ದು ಹೇಳಿ' ಎಂಬ ಚೀಟಿ ಸುತ್ತಿ ಗಿಳಿಯ ಫೋನ್ ನಂಬರ್ ಬರೆಯುವುದು. ಅಬ್ಬರದ ಕಾಲದಲ್ಲಿ ಒಬ್ಬಿಬ್ಬರು ಮೆಚ್ಚಿ ಫೋನ್ ಮಾಡಿದ್ದೂ ಉಂಟು. ಪೇಂಟರ್ ಈಗ ಕಾದದ್ದು ಒಂದೇ ಒಂದು ಒಳ್ಳೆಯ ಮಾತಿಗೆ. ಒಬ್ಬನಾದರೂ ಈ ಹೊಸ ದನಿಯನ್ನು ಒಪ್ಪಿದರೆ ತಾನಿನ್ನೂ ಹಾಡುಗಾರ. ಇಲ್ಲದಿದ್ದರೆ ಬರೀ ಬಂಪರಿಗೆ ಬಣ್ಣ ಹೊಡೆಯುವವನು.

ವಾಯ್ಸ್ ಮೆಸೇಜುಗಳು ಬರತೊಡಗಿದವು. ಗಿಳಿ ತನ್ನ ಫೋನಿನಲ್ಲಿ ಒಂದೊಂದಾಗಿ ಕೇಳಿಸಿದ. ಬಿಳಿ ಕಾರಿನ ವಕೀಲರು ಗಂಟಲು ಸರಿಮಾಡಿಕೊಂಡು ಹೇಳಿದ್ದರು: "ಮೊದ್ಲು ನಿಮ್ಮ ಹಾಡು ಹಾಕಿದ್ರೆ ಮುಂದಿನ ಗಾಡಿ ತಾನಾಗೇ ಪಕ್ಕಕ್ಕೆ ಹೋಗ್ತಿತ್ತು ಕಣಯ್ಯಾ. ಈಗ ನಾನೇ ಪಕ್ಕಕ್ಕೆ ಹಾಕ್ಕೊಂಡು ನಿದ್ದೆ ಹೊಡೀತಿದೀನಿ." ಸ್ಕೂಲ್ ವ್ಯಾನಿನವನಿಗೆ ಮಕ್ಕಳದೇ ಕಾಟ, ಅರಚೋ ಮಾಮ ಸತ್ತೋದ್ನಾ ಅಂತ ಕೇಳುತ್ತಿವೆಯಂತೆ. ಹಲ್ಲಿನ ಡಾಕ್ಟರಮ್ಮ ಇನ್ನು ಮೇಲೆ ಹಲ್ಲು ಕೀಳುವಾಗ ಮರಗಟ್ಟಿಸುವ ಸೂಜಿಯ ಬದಲು ಇದೇ ಹಾಡು ಹಾಕುತ್ತಾರಂತೆ. ಎಲ್ಲರ ಕೊನೆಯ ಮಾತು ಒಂದೇ: ಹಳೇ ದನಿ ಎಲ್ಲಿ?

ಎಲೆಕ್ಟ್ರಿಷಿಯನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪೇಂಟರ್ ಮಾತ್ರ ಫೋನ್ ಇಸಿದುಕೊಂಡು, ಅರ್ಧ ಬಣ್ಣವಾದ ಒಂದು ಕಾರಿನೊಳಗೆ ಕೂತು, ಗಾಜು ಏರಿಸಿ ಮತ್ತೆ ಮತ್ತೆ ಕೇಳಿದ. ಎಲ್ಲಾದರೂ ಒಂದು ಮೆಚ್ಚುಗೆ ಸಿಕ್ಕೀತೇ ಎಂದು ಮಾತಿನ ನಡುವಿನ ಉಸಿರನ್ನೂ ಹುಡುಕಿದ.

ಮನೆಯಲ್ಲಿ ಅಕ್ಕ ಗಂಟಲಿಗೆ ಉಪ್ಪುನೀರು ಕೊಟ್ಟು ಎದುರು ಕೂತಳು. ತಮ್ಮನ ಮುಖ ನೋಡಿಯೇ ಅವಳಿಗೆ ಗೊತ್ತಾಗಿತ್ತು.

"ಯಾವನೋ ಕಾರಿನೋನು ಏನೋ ಅಂದ ಅಂತ ಗಂಟಲು ಹರ್ಕೋತೀಯೇನೋ?"

"ಯಾರಿಗೂ ಬೇಡದ ಗಂಟಲನ್ನ ಜೋಪಾನ ಮಾಡಿ ಏನ್ ಮಾಡ್ಲಿ ಅಕ್ಕಾ? ಉಪ್ಪಿನಕಾಯಿ ಹಾಕ್ಲಾ?"

ಅಕ್ಕ ನಗಲಿಲ್ಲ. ಲೋಟ ತೊಳೆಯಲು ಎದ್ದುಹೋದಳು.

ಮರುದಿನ ಊಟದ ಹೊತ್ತಿಗೆ ಪೇಂಟರ್ ಹಳೆಯ ಹಾಡು ಶುರುಮಾಡಿ ಎಂದ. ಗಿಳಿಯ ಮುಖ ಅರಳಿತು. ಕೋಲು ತಿರುಗಿಸಿ ಬಡಿಯತೊಡಗಿದ. ಪೇಂಟರ್ ಕಣ್ಣು ಮುಚ್ಚಿ ಅರಚಿದ. ಶೆಡ್ಡಿನ ತಗಡು ನಡುಗಿತು, ಬೀದಿಯಲ್ಲಿ ಹೋಗುವವರು ನಿಂತು ನೋಡಿದರು, ಗಿಳಿ ಕೂತಲ್ಲೇ ಕುಣಿದ. ಹಾಡು ಅರ್ಧಕ್ಕೆ ಬರುವಾಗ ಬಾಯಿ ತೆರೆದೇ ಇತ್ತು, ಸದ್ದು ನಿಂತಿತ್ತು. ಪೇಂಟರ್ ಉಗುಳಿದ. ಉಗುಳು ಕೆಂಪಗಿತ್ತು.

ಆಸ್ಪತ್ರೆಯಿಂದ ಅವನು ಹಿಂದಿರುಗಿದ್ದು ಪಿಸುದನಿಯೊಂದಿಗೆ. ಅದಕ್ಕಿಂತ ಹೆಚ್ಚು ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮುಚ್ಚಿಟ್ಟ ಸಂಗತಿಯನ್ನು ಅಕ್ಕನೇ ಶೆಡ್ಡಿಗೆ ಬಂದು ಹೇಳಿದಳು. ಅಂದಿನಿಂದ ಗಿಳಿ ಯಾರ ದನಿಯನ್ನೂ ಅನುಕರಿಸಲಿಲ್ಲ. ತಗಡನ್ನು ಬಡಿದ ಮೇಲೂ ಬಡಿಯುತ್ತಿದ್ದ, ನೆಟ್ಟಗಾದದ್ದು ಮತ್ತೆ ಸೊಟ್ಟಗಾಗುವವರೆಗೆ.

ಒಂದು ಮಧ್ಯಾಹ್ನ ಹಲ್ಲಿನ ಡಾಕ್ಟರಮ್ಮ ಕಾರಿನ ಕನ್ನಡಿ ಮುರಿದುಕೊಂಡು ಬಂದರು. ಪರ್ಸಿನಿಂದ ಪೆನ್ ಡ್ರೈವ್ ತೆಗೆದು, ಇದು ನಿಮ್ಮಲ್ಲಿ ಯಾರದೋ ನನ್ನ ಕಾರಲ್ಲಿ ಉಳಿದಿತ್ತು ಎಂದು ಪೇಂಟರನ ಕೈಗಿತ್ತರು. ಸುತ್ತಿದ ಚೀಟಿ ಸುತ್ತಿದ ಹಾಗೇ ಇತ್ತು. ನಮ್ಮ ಹಾಡು ಮರಗಟ್ಟಿಸಿದ್ದಕ್ಕೆ ಕ್ಷಮಿಸಿ, ಸೂಜಿಯ ಮಾತು ಚೆನ್ನಾಗಿತ್ತು ಎಂದು ಪೇಂಟರ್ ಪಿಸುಗುಟ್ಟಿದ. ಡಾಕ್ಟರಮ್ಮನಿಗೆ ತಲೆಬುಡ ಗೊತ್ತಾಗಲಿಲ್ಲ. ತಾನು ಯಾರಿಗೂ ಫೋನ್ ಮಾಡಿಲ್ಲ, ಹಾಡು ಕೇಳೋಣವೆಂದರೆ ಕಾರಿನ ಪ್ಲೇಯರ್ ಕೆಟ್ಟು ವರ್ಷವಾಯಿತು ಎಂದರು.

ಪೇಂಟರ್ ನಿಧಾನವಾಗಿ ತಿರುಗಿದ. ಗಿಳಿ ಸುತ್ತಿಗೆ ಕೆಳಗಿಟ್ಟ.

"ಎಲ್ಲಾ ನಾನೇ ಕಣೋ," ಎಂದ. "ವಕೀಲ್ರೂ ನಾನೇ, ವ್ಯಾನಿನೋನೂ ನಾನೇ, ಇವರೂ ನಾನೇ. ತಮಾಷೆಗೆ. ನೀನು ಮೊದಲಿನ ಥರ ಹಾಡ್ಲಿ ಅಂತ. ಗಂಟಲಿನ ವಿಷಯ ನಂಗೇನು ಗೊತ್ತಿತ್ತು?"

ಪೇಂಟರ್ ತುಟಿಯಲ್ಲೇ ಕೇಳಿದ: "ನಿಜವಾಗ್ಲೂ ಯಾರು ಫೋನ್ ಮಾಡಿದ್ರು?"

"ಯಾರೂ ಇಲ್ಲ."

"ಬೈಯೋಕೂ?"

ಗಿಳಿ ಇಲ್ಲವೆಂದು ತಲೆಯಾಡಿಸಿದ.

ಪೇಂಟರ್ ಪೆನ್ ಡ್ರೈವನ್ನು ಜೇಬಿಗಿಟ್ಟ. ಆಮೇಲೆ ಗಿಳಿಯ ಹತ್ತಿರ ಬಂದು, ಅವನ ಕಿವಿಗೆ ಬಾಯಿಟ್ಟು, "ನನ್ನ ದನಿ ಮಾಡೋ. ಹಳೇದು," ಎಂದ.

ಗಿಳಿ ಬೇಡ ಎಂದ, ಕೈ ಮುಗಿದ. ಪೇಂಟರ್ ಬಿಡಲಿಲ್ಲ. ಕೊನೆಗೆ ಗಿಳಿ ಗೋಡೆಯ ಕಡೆ ತಿರುಗಿ ಹಳೆಯ ಹಾಡಿನ ಮೊದಲ ಸಾಲನ್ನು ಅರಚಿದ. ಅದೇ ಮರಳು ಕಾಗದ, ಅದೇ ತಗಡು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಡಾಕ್ಟರಮ್ಮ ಏನೂ ತಿಳಿಯದೆ ಚಪ್ಪಾಳೆ ತಟ್ಟಿ ನಕ್ಕರು. ಎಲೆಕ್ಟ್ರಿಷಿಯನ್ ನಗಬೇಕೋ ಬಿಡಬೇಕೋ ತಿಳಿಯದೆ ಅರ್ಧ ನಕ್ಕ. ಪೇಂಟರನಿಗೂ ನಗು ಬಂತು. ನಗುವುದಕ್ಕೂ ಅದೇ ಗಂಟಲು ಬೇಕಲ್ಲ, ಹೊರಟದ್ದು ಬರೀ ಗಾಳಿ. ಸಾಲದಾದಾಗ ಅವನು ಎರಡೂ ಅಂಗೈಯಿಂದ ಕಾರಿನ ಬಾನೆಟ್ಟನ್ನು ಬಡಿಯತೊಡಗಿದ. ಸಾಕು ನಿಲ್ಸೋ ಎಂದು ಗಿಳಿ ಅಳುತ್ತ ಅವನ ಕೈ ಹಿಡಿದುಕೊಂಡರೂ ಬಿಡದೆ, ಶೆಡ್ಡೆಲ್ಲ ಗುಡುಗುವ ಹಾಗೆ, ಅಲ್ಲಿದ್ದ ಎಲ್ಲರಿಗಿಂತ ಜೋರಾಗಿ ನಕ್ಕ.