ಒಂಬತ್ತು ವೋಟಿನ ಮನೆ

ನಯಾಪೈಸೆ ಬಂದ ಹೊಸತರಲ್ಲಿ ದಾವಣಗೆರೆಯಲ್ಲಿ ಒಂದು ಪುರಸಭೆ ಚುನಾವಣೆ ನಡೆಯಿತು. ಅಂಥ ಚುನಾವಣೆ ಭೂಮಂಡಲದಲ್ಲಿ ಹಿಂದೆ ನಡೆದಿಲ್ಲ, ಮುಂದೆ ನಡೆಯುವುದೂ ಇಲ್ಲ. ಆ ವರ್ಷ ಊರ ಸುತ್ತ ಹತ್ತಿಗಿಂತ ಭಾಷಣವೇ ಜಾಸ್ತಿ ಬೆಳೆದಿತ್ತು. ಗೋಡೆಗಳಿಗೆ ಎಷ್ಟು ಕಾಗದ ಮೆತ್ತಿದ್ದರೆಂದರೆ, ಗೋಡೆ ಬಿದ್ದುಹೋದರೂ ಮನೆಗಳು ಕಾಗದದ ಮೇಲೇ ನಿಂತಿರುತ್ತಿದ್ದವು. ಛತ್ರಿ ಗುರುತಿನ ಪಕ್ಷ ಒಂದು, ಗಡಿಯಾರದ ಗುರುತಿನ ಪಕ್ಷ ಇನ್ನೊಂದು. ಹಾವು ಮುಂಗುಸಿಯಂತಿದ್ದ ಈ ಎರಡೂ ಪಕ್ಷದವರು ದಿನಾ ಸಂಜೆ ಬಂದು ಕೂರುತ್ತಿದ್ದುದು ಮಾತ್ರ ಒಂದೇ ಕಟ್ಟೆಯ ಮೇಲೆ. ಅದು ಮಿಲ್ಲಿನ ಹಿಂದಿನ ಓಣಿಯ ಉಜ್ಜನಪ್ಪನ ಮನೆಯ ಕಟ್ಟೆ.

ಯಾಕೆಂದರೆ ಮತದಾರರ ಪಟ್ಟಿಯಲ್ಲಿ ಆ ಮನೆಗೆ ಒಂಬತ್ತು ವೋಟುಗಳಿದ್ದವು.

ಮನೆಯಲ್ಲಿ ಇದ್ದವನು ಉಜ್ಜನಪ್ಪ ಒಬ್ಬನೇ. ಅಡತಿ ಅಂಗಡಿಯಲ್ಲಿ ತೂಕ ಹಾಕುವ ಕೆಲಸ ಅವನದು. ತಾಯಿ ಮರುಳಸಿದ್ದಮ್ಮ ತೀರಿಕೊಂಡು ನಾಲ್ಕು ವರ್ಷ, ಹೆಂಡತಿ ದ್ರಾಕ್ಷಾಯಣಮ್ಮ ತೀರಿಕೊಂಡು ಮೂರು. ತಂಗಿಯರಿಬ್ಬರು ಗಂಡನ ಮನೆ ಸೇರಿದ್ದರು. ತಮ್ಮಂದಿರಿಬ್ಬರು ಹೆಂಡಿರನ್ನು ಕರೆದುಕೊಂಡು ಹರಿಹರದ ಕಾರ್ಖಾನೆಗೆ ಹೋಗಿದ್ದರು. ಹರಿಹರವೇನು ಕಾಶಿಯಲ್ಲ, ರೈಲಿನಲ್ಲಿ ಕೂತು ಎರಡು ಬೀಡಿ ಸೇದುವಷ್ಟರಲ್ಲಿ ಬಂದುಬಿಡುತ್ತದೆ. ಆದರೆ ಆ ಕಡೆಯಿಂದ ಈ ಕಡೆ ಬರುವ ರೈಲು ತಮ್ಮಂದಿರಿಗೆ ಮೂರು ವರ್ಷದಿಂದ ಸಿಕ್ಕಿರಲಿಲ್ಲ.

ಪಟ್ಟಿಯನ್ನು ಯಾರೂ ತಿದ್ದಿರಲಿಲ್ಲ. ಅದರಲ್ಲಿ ಎಲ್ಲರೂ ಒಂದೇ ಬಾಗಿಲ ಸಂಖ್ಯೆಯ ಕೆಳಗೆ ಒತ್ತೊತ್ತಾಗಿ ಕೂತಿದ್ದರು.

ಮೊದಲ ದಿನ ಬಂದವನು ಗಡಿಯಾರದ ಹಿದಾಯತ್. ಚೌಕಿಪೇಟೆಯವನು, ಈ ಓಣಿಗೆ ಹೊಸಬ. ಕಟ್ಟೆಯ ಮೇಲೆ ಕೂತು, "ಮನ್ಯಾಗಿನವ್ರೆಲ್ಲಾ ಹೆಂಗದಾರೆ ಉಜ್ಜನಪ್ಪೋರೆ?" ಅಂದ.

ಮೂರು ವರ್ಷದಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ. ಯಾರೂ ಇಲ್ಲ ಅನ್ನಬೇಕು ಅಂದುಕೊಂಡ ಉಜ್ಜನಪ್ಪನ ಬಾಯಿಂದ, "ಎಲ್ಲಾ ಆರಾಮದಾರ್ರಿ. ಉಕ್ಕಡಗಾತ್ರಿ ಜಾತ್ರಿಗೆ ಹೋಗ್ಯಾರೆ" ಎಂದು ಬಂದುಬಿಟ್ಟಿತು.

"ವೋಟು ಯಾರಿಗೆ ಅಂತಾರೆ?"

"ಬರ್ಲಿ, ಕೇಳಿ ಹೇಳ್ತೀನಿ. ನಾಳೆ ಬರ್ರಿ."

ಮರುದಿನ ಹಿದಾಯತ್ ಬಂದ; ಮನೆಯವರೆಲ್ಲ ಬಂದು ಒಳಗಿದ್ದಾರೆ ಅಂದ ಉಜ್ಜನಪ್ಪ. ಹಿದಾಯತ್‌ನ ಹಿಂದೆಯೇ ಸುದ್ದಿ ಹಿಡಿದುಕೊಂಡು ಛತ್ರಿಯ ವಾಮದೇವಪ್ಪನೂ ಬಂದ. ಅವನ ಹೊಟ್ಟೆ ಓಣಿಗೆ ಬಂದು ಅರ್ಧ ಗಂಟೆಯ ಮೇಲೆ ಅವನು ಬರುತ್ತಿದ್ದ. ಇಬ್ಬರ ಹಿಂದೆ ಇಬ್ಬರ ಮಂದಿ, ಮಂದಿಯ ಹಿಂದೆ ಮಿಲ್ಲು ಬಿಟ್ಟು ಬರುವ ಕೂಲಿಗಳು. ಎದುರಿಗೆ ಮಂಡಕ್ಕಿ ಮಾರುವ ರಹಮತ್ ಬೀಗೆ ಆ ಹದಿನೈದು ದಿನದಲ್ಲಿ ಆದ ವ್ಯಾಪಾರದ ಮಂಡಕ್ಕಿ ಸುರಿದಿದ್ದರೆ ಬಾತಿ ಗುಡ್ಡ ಮುಚ್ಚಿಹೋಗುತ್ತಿತ್ತು.

ಓಣಿಯ ಹಳಬಳು ಅವಳೊಬ್ಬಳೇ; ಮಿಕ್ಕವರೆಲ್ಲ ವರ್ಷಕ್ಕೊಂದು ಮನೆ ಬದಲಿಸುವ ಬಾಡಿಗೆಯವರು. ಅವಳು ಮಂಡಕ್ಕಿ ಕಟ್ಟಿಕೊಡುತ್ತಾ ಮೆಲ್ಲಗೆ, "ಉಜ್ಜನಣ್ಣ, ಒಳಗಿನ ಎಂಟು ಮಂದಿ ಉಪಾಸ ಅದಾರೇನು? ಒಂದೇ ಪೊಟ್ಟಣ ತಗಂತೀಯಲ್ಲ!" ಅನ್ನುವಳು. ಆದರೆ ಯಾರಿಗೂ ಹೇಳಲಿಲ್ಲ.

ಕಟ್ಟೆಯ ಮೇಲೆ ಜಗಳ ಜೋರಾಗುತ್ತಿತ್ತು.

"ಮನೆ ಕಂದಾಯ ಅರ್ಧಕ್ಕೆ ಇಳಸ್ತೀವಿ!" ವಾಮದೇವಪ್ಪ ಗುಡುಗಿದರೆ ಹಂಚುಗಳು ಎರಡಿಂಚು ಸರಿಯುತ್ತಿದ್ದವು.

"ಇಳಿಸಿ ಎಲ್ಲಿಂದ ತರ್ತೀರಿ? ನಿಮ್ಮ ಹೊಟ್ಟಿ ಕರಗಿಸ್ತೀರೇನು?" ಎಂದು ಹಿದಾಯತ್.

"ಖರ್ಚು ಕಡಿತೀವಿ. ಓಣಿ ದೀಪ ಅರ್ಧ ಸಾಕು. ಕಸಗುಡಿಸೋರು ಅರ್ಧ ಸಾಕು. ಹೆರಿಗಿ ಆಸ್ಪತ್ರಿಗೆ ಒಬ್ಬಳೇ ನರ್ಸು ಸಾಕು."

"ಹೆರೋರು ಪಾಳಿ ಹಚ್ಚಿ ಹೆರ್ಬೇಕೇನ್ರಿ? ನಾವಾದ್ರೆ ಕಂದಾಯ ಒಂಚೂರು ಏರಸ್ತೀವಿ, ಮನಿಮನಿಗೆ ನಲ್ಲಿ ಕೊಡ್ತೀವಿ."

ಆಗ ಎಲ್ಲರೂ ಉಜ್ಜನಪ್ಪನ ಮುಖ ನೋಡುವರು. ಉಜ್ಜನಪ್ಪ ಒಳಗೆ ಹೋಗಿ, ಕತ್ತಲ ನಡುಮನೆಯಲ್ಲಿ ಸ್ವಲ್ಪ ಹೊತ್ತು ನಿಂತು, ಹೊರಗೆ ಬರುವನು. "ನಮ್ಮವ್ವ ಕೇಳ್ತಾಳೆ, ನಲ್ಲಿ ಬಂದ್ರೆ ನೀರಿಗೆ ಬ್ಯಾರೆ ತೆರಿಗಿ ಹಾಕಂಗಿಲ್ಲ ತಾನೆ?" ಹಿದಾಯತ್ ಬಾಗಿಲ ಕಡೆ ತಿರುಗಿ, ಕೈಮುಗಿದು, "ಇಲ್ಲವ್ವಾ!" ಅನ್ನುವನು. "ನಮ್ಮ ಮನಿಯಾಕಿ ಅಂತಾಳೆ, ಓಣಿ ದೀಪ ತೆಗೆದ್ರೆ ಹೆಣ್ಮಕ್ಳು ಹೊರಗೆ ಹೆಂಗೆ ಹೋಗ್ಬೇಕು?" ವಾಮದೇವಪ್ಪ ಬೆವರು ಒರೆಸಿಕೊಂಡು, "ಅಕ್ಕಾವ್ರೆ, ಈ ಓಣಿ ದೀಪ ಮುಟ್ಟಲ್ಲ" ಎಂದು ಬಾಗಿಲಿಗೆ ಆಣೆ ಇಡುವನು.

ಅಷ್ಟು ಬುದ್ಧಿವಂತ ಮನೆತನ ಮೈಸೂರು ಸೀಮೆಯಲ್ಲೇ ಇರಲಿಲ್ಲ. ಹಾಗೆ ಒಳಹೋಗಿ ನಿಂತಾಗ ಉಜ್ಜನಪ್ಪನಿಗೆ ನಿಜವಾಗಿಯೂ ಯಾರೋ ಕೇಳಿದಂತೆ ಅನಿಸುತ್ತಿತ್ತು. ಮಂದಿ ಎದ್ದುಹೋದ ಮೇಲೆ ಬಾಗಿಲು ಹಾಕಿಕೊಂಡರೆ ಏನೂ ಅನಿಸುತ್ತಿರಲಿಲ್ಲ. ಒಲೆಯ ಮುಂದೆ ಕೂತು, ಇನ್ನು ಎಷ್ಟು ಸಂಜೆ ಉಳಿದವು ಎಂದು ಬೆರಳು ಮಡಚುವನು.

ಮತದಾನದ ಹಿಂದಿನ ದಿನ ವಾಮದೇವಪ್ಪ ಒಬ್ಬನೇ ಬಂದ. ಹೆಣ್ಣುಮಕ್ಕಳಿಗೆಂದು ಅರಿಶಿನ ಕುಂಕುಮ ತಂದಿದ್ದ. ಉಜ್ಜನಪ್ಪ ತಡೆಯುವಷ್ಟರಲ್ಲಿ ಹೊಸ್ತಿಲು ದಾಟಿಬಿಟ್ಟ. ಒಳಗೆ ಒಂದು ಗಂಗಾಳ, ಒಂದು ಚೊಂಬು, ಒಂದು ಚಾಪೆ.

ವಾಮದೇವಪ್ಪ ಮೂಲೆ ಮೂಲೆ ನೋಡಿದ. ಉಜ್ಜನಪ್ಪ ಬೈಗುಳಕ್ಕೆ ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ, ನಗು ಬಂತು.

"ಒಬ್ರೂ ಇಲ್ಲ! ಇದಕ್ಕಿಂತ ಚಲೋದು ಏನೈತೋ ಮಾರಾಯಾ! ಇದ್ದೋರಾದ್ರೆ ಯಾವ ಕಡೆ ಹಾಕ್ತಾರೋ ಏನೋ. ನಾಳೆ ಅವ್ರ ಹೆಸ್ರಿನಾಗೆ ನಾನು ಎಂಟು ಮಂದೀನ ಕಳಸ್ತೀನಿ. ನೀನು ಸುಮ್ನಿರು, ಅಷ್ಟೇ."

"ಅದು ಹೆಂಗ್ರಿ..."

"ಸುಮ್ನಿದ್ರೆ ದಿನಾ ಬರ್ತೀನಿ ನಾನು. ಗೆದ್ದ ಮ್ಯಾಲೆ ನಮ್ಮ ಪಕ್ಷದ ಕಚೇರೀನೇ ನಿನ್ನ ಕಟ್ಟಿ ಮ್ಯಾಲೆ. ಬೆಳಗಿನಿಂದ ಮಂದಿ, ಚಾ, ಪೇಪರು. ಸಾಕಾ?"

ಸಾಕೇ? ಸಾಕಾಗಿ ಮಿಗುವಷ್ಟಿತ್ತು. ಉಜ್ಜನಪ್ಪ ಹೂಂ ಅಂದ.

ಮರುದಿನ ಶಾಲೆಯ ಕೋಣೆಯಲ್ಲಿ ಮತದಾನ. ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಎರಡೂ ಸೇರಿಸಿ ಎಳೆದಿದ್ದರೆ ಹರಿಹರದ ಸೇತುವೆ ದಾಟುತ್ತಿದ್ದವು. ಮೇಜಿನ ಹಿಂದೆ ಅಧಿಕಾರಿ ಮತ್ತು ಒಬ್ಬ ಗುಮಾಸ್ತ, ಪಕ್ಕದಲ್ಲಿ ಎರಡು ಪಕ್ಷದ ಏಜೆಂಟರಾಗಿ ವಾಮದೇವಪ್ಪ, ಹಿದಾಯತ್. ಉಜ್ಜನಪ್ಪ ಮೇಜಿನ ಹತ್ತಿರ ಬಂದಾಗ ಹೆಂಗಸರ ಸಾಲಿನಿಂದ ಸಣಕಲು ಹೆಣ್ಣೊಬ್ಬಳು ಮುಂದೆ ಬಂದು ಚೀಟಿ ಕೊಟ್ಟಳು.

"ಹೆಸರು?"

"ದ್ರಾಕ್ಷಾಯಣಮ್ಮ."

"ಗಂಡನ ಹೆಸರು?"

"ಉಜ್ಜನಪ್ಪ" ಅಂದಳು ಆಕೆ, ಕಲಿತ ಪಾಠ ಒಪ್ಪಿಸಿದಂತೆ, ಕೋಣೆಗೆಲ್ಲ ಕೇಳುವ ಹಾಗೆ.

ಉಜ್ಜನಪ್ಪ ತಿರುಗಿ ಆಕೆಯನ್ನು ನೋಡಿದ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ದ್ರಾಕ್ಷಾಯಣಮ್ಮ ಒಮ್ಮೆಯೂ ಅವನ ಹೆಸರು ಹೇಳಿದವಳಲ್ಲ. ಪಟ್ಟಿ ಬರೆಯಲು ಬಂದವನನ್ನು ಬಿಸಿಲಲ್ಲಿ ಕಾಯಿಸಿ, ನಾಚಿ, ಕೊನೆಗೆ ಸೆರಗು ಬಾಯಿಗೆ ಹಿಡಿದು, "ಉಜ್ಜಿನಿ ದೇವ್ರ ಹೆಸ್ರು ಬರ್ಕಳ್ರಿ" ಅಂದಿದ್ದಳು.

ಹಿದಾಯತ್ ಎದ್ದು ನಿಂತ. "ಗಂಡನ ಹೆಸ್ರು ಹಿಂಗೆ ಹೇಳ್ತಾರೇನ್ರಿ? ಸಾಹೇಬ್ರೆ, ಉಜ್ಜನಪ್ಪ ಇಲ್ಲೇ ಅದಾನೆ, ಕೇಳ್ರಿ."

ಅಧಿಕಾರಿ ತಿರುಗಿದರು. "ಇವರು ನಿಮ್ಮ ಹೆಂಡತಿಯೇನಪ್ಪ?"

ವಾಮದೇವಪ್ಪ ಉಜ್ಜನಪ್ಪನನ್ನೇ ನೋಡುತ್ತಿದ್ದ. ಕಟ್ಟೆ, ಚಾ, ಪೇಪರು, ಬೆಳಗಿನಿಂದ ಮಂದಿ, ಎಲ್ಲವೂ ಆ ನೋಟದಲ್ಲಿದ್ದವು. ಒಂದು ಹೂಂ ಅಂದರೆ ಸಾಕಿತ್ತು.

"ಅಲ್ರಿ" ಅಂದ ಉಜ್ಜನಪ್ಪ. "ಈ ಅವ್ವಂಗೆ ಯಾರೋ ತಪ್ಪು ಚೀಟಿ ಕೊಟ್ಟಾರೆ. ಬಿಟ್ಟುಬಿಡ್ರಿ, ಹೋಗ್ಲಿ."

ಆಕೆ ಹೊರಗೆ ಓಡಿದಳು. ಅಧಿಕಾರಿ, "ಹಾಗಾದರೆ ನಿಮ್ಮಾಕೆ?" ಅಂದರು.

"ತೀರ್ಕಂಡ್ಲು. ಮೂರು ವರ್ಷಾತು."

"ಏನು? ಮತ್ತೆ ಬಾಗಿಲ ಹಿಂದೆ ನಿಂತು ದೀಪದ ಮಾತು ಕೇಳಿದ್ಯಾರು?" ಹಿದಾಯತ್ ಕೂಗಿದ.

ಅಧಿಕಾರಿ ಕೆಂಪು ಸೀಸದಕಡ್ಡಿ ತೆಗೆದರು. "ಮರುಳಸಿದ್ದಮ್ಮ?"

"ಅವ್ವ. ಇಲ್ರಿ."

"ಕೊಟ್ಟೂರಪ್ಪ?"

"ತಮ್ಮ. ಹರಿಹರದಾಗೆ ಅದಾನೆ."

"ಅನ್ನಪೂರ್ಣಮ್ಮ?"

"ಅವನ ಹೆಂಡ್ತಿ. ಅಲ್ಲೇ."

ಒಂದೊಂದೇ ಹೆಸರು ಕೂಗಿದಂತೆ ಒಂದೊಂದೇ ಗೆರೆ ಬಿತ್ತು. ಸಾಲಿನಲ್ಲಿದ್ದವರು ಮೊದಲು ನಕ್ಕರು, ಐದನೆಯ ಹೆಸರಿನ ಹೊತ್ತಿಗೆ ನಗು ನಿಂತಿತು. ವಾಮದೇವಪ್ಪ ಗೋಡೆ ನೋಡುತ್ತಿದ್ದ. ಹಿದಾಯತ್ ಕೂತು ತನ್ನ ಕಾಗದ ಮಡಚುತ್ತಿದ್ದ.

"ಉಜ್ಜನಪ್ಪ?"

"ಇದೀನ್ರಿ."

"ಇನ್ಯಾರಾದರೂ ಮನೆಯಲ್ಲಿ?"

"ಯಾರಿಲ್ರಿ. ನಾನೊಬ್ನೇ."

ಗುಮಾಸ್ತ ಅವನ ಎಡಗೈ ಹಿಡಿದು, ಬೆರಳು ನೇರ ಮಾಡಿ, ಉಗುರಿನ ಮೇಲೆ ನಿಧಾನವಾಗಿ ಮಸಿ ಹಚ್ಚಿದ. ಹಚ್ಚಿ ಮುಗಿಯಿತು. ಉಜ್ಜನಪ್ಪ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಗುಮಾಸ್ತನ ಕೈ ಹಿಡಿದೇ ನಿಂತ.

"ಆತ್ರಿ, ಮುಂದೆ ಹೋಗ್ರಿ," ಅಂದ ಗುಮಾಸ್ತ, ಕೈ ಬಿಡಿಸಿಕೊಂಡು.