ಅಕ್ಕನ ಕೋಟು

“ಏನಮ್ಮ, ಪರೀಕ್ಷೆ ಬರೀದೇನೇ ಪಾಸಾಗಿಬಿಟ್ಯಾ?”

ಪ್ರೊಫೆಸರ್ ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದಾಗ ವಾರ್ಡಿನ ಬಾಗಿಲಲ್ಲಿ ಗುಂಪುಗೂಡಿದ್ದ ವಿದ್ಯಾರ್ಥಿಗಳೆಲ್ಲ ನಕ್ಕರು. ಅವಳೂ ನಕ್ಕಳು. ವಿದ್ಯಾರ್ಥಿಗಳ ಬಿಳಿ ಕೋಟು ಸೊಂಟಕ್ಕೆ ನಿಲ್ಲಬೇಕು, ಎದೆಯ ಮೇಲೆ ‘ವಿದ್ಯಾರ್ಥಿ’ ಎಂಬ ಪಟ್ಟಿ ಇರಬೇಕು ಎಂಬುದು ಅಲ್ಲಿನ ನಿಯಮ. ಅವಳ ಕೋಟು ಒಗೆದದ್ದು ಒಣಗಿರಲಿಲ್ಲ. ಬೇರೊಂದು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಅಕ್ಕನ ಕೋಟನ್ನು ಬೀರುವಿನಿಂದ ಎಳೆದು ಹಾಕಿಕೊಂಡು ಬಂದಿದ್ದಳು. ಅದು ಮೊಣಕಾಲು ಮುಟ್ಟುತ್ತಿತ್ತು. ಪಟ್ಟಿ ಒದ್ದೆ ಕೋಟಿನಲ್ಲೇ ಉಳಿದಿತ್ತು.

“ಇವತ್ತೊಂದಿನ ಇರ್ಲಿ. ಉದ್ದ ಕೋಟು ಕಂಡ್ರೆ ಜನ ಬಂದು ಕೇಳ್ತಾರೆ. ಗೊತ್ತಿಲ್ಲ ಅನ್ನು, ನಾಚ್ಕೋಬೇಡ,” ಎಂದರು ಪ್ರೊಫೆಸರ್.

ಮೂರು ವಾರದಿಂದ ಆ ವಾರ್ಡಿನಲ್ಲಿ ಅವಳನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. “ಮತ್ತೆ ಬಂದ್ರಾ? ಎಷ್ಟು ಸಲ ಎದೆ ನೋಡ್ತೀರಪ್ಪ!” ಎಂದು ರೋಗಿಗಳು ಮಗ್ಗುಲು ಬದಲಿಸುತ್ತಿದ್ದರು. ಇಂದು ಕಾರಿಡಾರಿನಲ್ಲಿ ಜನ ತಾವಾಗಿಯೇ ದಾರಿ ಬಿಟ್ಟರು. ಬೆಂಚಿನ ಮೇಲೆ ಕಾಲು ಚಾಚಿದ್ದವರೊಬ್ಬರು ಅವಸರದಲ್ಲಿ ಕಾಲು ಇಳಿಸಿದರು. ಅವಳಿಗೆ ಅದು ಹಿತವಾಗಿಯೇ ಇತ್ತು.

ಹನ್ನೊಂದನೇ ಹಾಸಿಗೆಯಲ್ಲಿ ಬೀಗ ರಿಪೇರಿ ಮಾಡುವ ಒಬ್ಬ ಮನುಷ್ಯ ಮಲಗಿದ್ದ. ಹಿಂದಿನ ದಿನ ಅಂಗಡಿಯಲ್ಲಿ ಕೂತಲ್ಲೇ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸಿನ ಕಪ್ಪಿತ್ತು. ಅವಳು ಅವನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ ಏಳುವಷ್ಟರಲ್ಲಿ, ತಲೆದೆಸೆಯಲ್ಲಿ ನಿಂತಿದ್ದ ಹೆಂಡತಿ ಮೆಲ್ಲಗೆ ಕೇಳಿದಳು.

“ಡಾಕ್ಟ್ರಮ್ಮ, ಒಂದು ಗುಟುಕು ನೀರು ಕೊಡ್ಲಾ? ನಿನ್ನೆಯಿಂದ ತುಟಿ ಒಣಗಿ ಬಿರಿದೋಗಿದೆ. ನನ್ನನ್ನೇ ನೋಡ್ತಾರೆ.”

ಲಕ್ವ ಹೊಡೆದವರಿಗೆ ಗಂಟಲೂ ಸೋತಿರಬಹುದು, ನೀರು ಶ್ವಾಸಕೋಶಕ್ಕೆ ಇಳಿಯಬಹುದು ಎಂದು ಅವಳು ಹಿಂದಿನ ವಾರವಷ್ಟೇ ಓದಿದ್ದಳು. ಆ ಪುಟ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಕಂಡದ್ದು ತನ್ನ ಬಾಯನ್ನೇ ನೋಡುತ್ತಿದ್ದ ಆ ಹೆಂಗಸಿನ ಮುಖ ಮಾತ್ರ. ‘ಡಾಕ್ಟ್ರಮ್ಮ’ ಎಂದು ಅವಳನ್ನು ಯಾರೂ ಹಿಂದೆ ಕರೆದಿರಲಿಲ್ಲ.

“ಕೊಡಿ. ಸ್ವಲ್ಪ ಸ್ವಲ್ಪಾನೇ ಕೊಡಿ,” ಎಂದು ಮುಂದಿನ ಹಾಸಿಗೆಗೆ ಹೋದಳು.

ಹದಿಮೂರನೇ ಹಾಸಿಗೆಯ ಹತ್ತಿರ ಇದ್ದಾಗ ಹನ್ನೊಂದರಿಂದ ಕೆಮ್ಮು ಕೇಳಿಸಿತು. ಕೆಮ್ಮು ನಿಂತು ಗೊರಗೊರ ಸದ್ದಾಯಿತು. ನರ್ಸ್ ಓಡಿದಳು. ಡ್ಯೂಟಿ ಡಾಕ್ಟರು ಬಂದು ಅವನ ಮೂಗಿಗೆ ಕೊಳವೆ ತೂರಿಸಿ ನೀರು ಎಳೆದರು. ಮುಖದ ನೀಲಿ ಇಳಿದ ಮೇಲೆ ಹೆಂಡತಿಯತ್ತ ತಿರುಗಿದರು.

“ಬಾಯಿಗೆ ಏನೂ ಹಾಕ್ಬೇಡಿ ಅಂದಿರ್ಲಿಲ್ವಾ? ಯಾರು ಹೇಳಿದ್ದು ಕೊಡು ಅಂತ?”

ಅವಳು ಉಳಿದ ವಿದ್ಯಾರ್ಥಿಗಳ ನಡುವೆ ನಿಂತಿದ್ದಳು. ಆ ಹೆಂಗಸಿನ ಕಣ್ಣು ಬಿಳಿ ಕೋಟುಗಳ ಸಾಲಿನ ಮೇಲೆ ಹರಿದು ಅವಳ ಮೇಲೆ ಬಂದು ನಿಂತಿತು.

“ಯಾರೂ ಹೇಳ್ಲಿಲ್ಲ ಸಾರ್. ನಾನೇ ಕೊಟ್ಟೆ.”

ಕೊಡಿ ಎಂದದ್ದು ತಾನೆಂದು ಈಗ ಹೇಳಬೇಕು ಎಂದುಕೊಂಡಳು. ಪ್ರೊಫೆಸರ್ ಅಲ್ಲೇ, ಗಂಟಲು ಸೋತ ರೋಗಿಗೆ ನೀರು ಕೊಟ್ಟರೆ ಏನಾಗುತ್ತದೆ ಎಂಬ ಪಾಠ ಶುರು ಮಾಡಿದರು. ಎಲ್ಲರೂ ಬರೆದುಕೊಂಡರು. ಅವಳೂ ಬರೆದುಕೊಂಡಳು.

ಮರುದಿನ ಅವನಿಗೆ ಜ್ವರ ಏರಿತು. ನಾಲ್ಕನೇ ದಿನ ಬೆಳಿಗ್ಗೆ, ಎದೆಯಲ್ಲಿ ಕಫ ಕಟ್ಟಿ, ಹೋಗಿಬಿಟ್ಟ. ಅವಳು ಕ್ಲಾಸು ಬಿಟ್ಟು, ಕೋಟು ತೆಗೆದು ಗೆಳತಿಯ ಕೈಗೆ ಕೊಟ್ಟು, ವಾರ್ಡಿಗೆ ಬಂದಳು. ಹೆಣವನ್ನು ಆಗಲೇ ಸಾಗಿಸಿದ್ದರು. ಹೆಂಡತಿ ಫ್ಲಾಸ್ಕು, ಲೋಟ, ಬಾಚಣಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

“ನೀರು ಕೊಡಿ ಅಂದಿದ್ದು ನಾನು. ನಾನಿನ್ನೂ ಡಾಕ್ಟರ್ ಅಲ್ಲ. ಓದ್ತಾ ಇದೀನಿ,” ಎಂದಳು.

“ಗೊತ್ತು.”

“ಗೊತ್ತಾ?”

“ಅವರ ಎದೆ ಮೇಲೆ ಎಲ್ಲಿಟ್ಟು ಕೇಳ್ಬೇಕು ಅಂತ ನೀನು ಹುಡುಕ್ತಿದ್ದೆ. ಡಾಕ್ಟ್ರು ಹಾಗೆ ಹುಡುಕಲ್ಲ.” ಹೆಂಗಸು ಲೋಟವನ್ನು ಟವೆಲಿನಲ್ಲಿ ಸುತ್ತಿದಳು. “ನರ್ಸಮ್ಮನ್ನ ಮೂರು ಸಲ ಕೇಳಿದ್ದೆ. ಮೂರು ಸಲಾನೂ ಬೇಡ ಅಂದ್ರು. ನಂಗೆ ಯಾರಾದ್ರೂ ಒಬ್ರು ಹೂಂ ಅನ್ಬೇಕಿತ್ತು. ಕೋಟು ಹಾಕ್ಕೊಂಡಿರೋರು.”

ಅವಳಿಗೆ ಅಳು ಒತ್ತರಿಸಿ ಬಂತು. “ನಾನು ಹೋಗಿ ಪ್ರೊಫೆಸರ್ ಹತ್ರ ಹೇಳ್ತೀನಿ.”

“ಹೇಳು. ಹೇಳಲೇಬೇಕು ನೀನು. ನಾನೇ ಕೇಳಿದ್ದು ಅಂದ ಮಾತ್ರಕ್ಕೆ ನಿನ್ನ ತಪ್ಪು ತಪ್ಪಲ್ಲ ಅಂತ ಆಗಲ್ಲ.” ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ.

ಹಾಸಿಗೆಯ ಮೇಲೆ ಮನೆಯಿಂದ ತಂದಿದ್ದ ಹೊದಿಕೆ ಮುದ್ದೆಯಾಗಿ ಬಿದ್ದಿತ್ತು. ಹೆಂಗಸು ಅದನ್ನು ಕೊಡವಿ, ಒಬ್ಬಳಿಗೇ ಮಡಿಸಲಾಗದೆ, ಒಂದು ತುದಿಯನ್ನು ಅವಳ ಕಡೆ ಚಾಚಿದಳು.

“ಹಿಡ್ಕೋ.”

ಅವಳು ಹಿಡಿದುಕೊಂಡಳು. ಇಬ್ಬರೂ ಎದುರುಬದುರು ನಿಂತು, ತುದಿಗೆ ತುದಿ ಕೂಡಿಸಿ, ಒಂದೊಂದೇ ಹೆಜ್ಜೆ ಹತ್ತಿರವಾಗುತ್ತ, ಹೊದಿಕೆಯನ್ನು ಮಡಿಸತೊಡಗಿದರು.